ಎಳೆದರೆ ಒಂದೇ ಬರಬೇಕು: ಒದ್ದೆ ವೈಪ್ಸ್ ಪ್ಯಾಕೆಟ್ ರೂಪಿಸಿದ ನನ್ನ ಅನುಭವ

ಮಗುವಿಗೆಂದು ಒದ್ದೆ ವೈಪ್ಸ್ ಕೊಳ್ಳುವವರು ಅಂಗಡಿಯಲ್ಲಿ ವಿಚಾರಿಸುವುದು ಬಟ್ಟೆ ಎಷ್ಟು ಮೆತ್ತಗಿದೆ, ವಾಸನೆ ಹೇಗಿದೆ, ಬೆಲೆ ಎಷ್ಟು ಎಂಬುದನ್ನು. ಮನೆಗೆ ಒಯ್ದ ಮೇಲೆ ಅವರನ್ನು ದಿನಕ್ಕೆ ಹತ್ತು ಸಲ ಕಾಡುವ ಸಂಗತಿಯೇ ಬೇರೆ. ಒಂದನ್ನು ಎಳೆದರೆ ಮೂರು ಒಟ್ಟಿಗೆ ಬರುತ್ತವೆ, ಇಲ್ಲವೇ ಅಂಚು ಬೆರಳಿಗೆ ಸಿಗದೆ ಒಳಗೇ ತಡಕಾಡಬೇಕಾಗುತ್ತದೆ. ಹೆಚ್ಚಾಗಿ ಬಂದದ್ದನ್ನು ಯಾರೂ ಮತ್ತೆ ಮಡಿಸಿ ಒಳಗಿಡುವುದಿಲ್ಲ. ಇಟ್ಟರೂ ಕೈಯ ಕೊಳೆ ಅದರೊಂದಿಗೆ ಪ್ಯಾಕೆಟ್ಟಿನೊಳಗೆ ಹೋಗುತ್ತದೆ. 72 ವೈಪ್ಸ್ ಎಂದು ಹೊರಗೆ ಮುದ್ರಿಸಿ, ಬಳಸುವವರಿಗೆ ನಲವತ್ತೋ ಐವತ್ತೋ ಸಲಕ್ಕೆ ಮಾತ್ರ ಒದಗುವಂತೆ ಮಾಡಿದರೆ ಆ ಎಣಿಕೆಗೆ ಅರ್ಥವಿಲ್ಲ ಎಂದು ನಾನು ನಂಬಿದ್ದೇನೆ. ಬೆಂಗಳೂರಿನ ಪೀಣ್ಯದ ಸಣ್ಣ ಘಟಕವೊಂದರಲ್ಲಿ ಉತ್ಪನ್ನ ವಿನ್ಯಾಸದ ಹೊಣೆ ಹೊತ್ತಿರುವ ನಾನು ಈ ಒಂದು ತೊಡಕನ್ನು ಬಿಡಿಸಲು ಏನೇನು ಮಾಡಿದೆ ಎಂಬುದನ್ನು, ಇದೇ ಕಸುಬಿನಲ್ಲಿರುವ ಇತರರಿಗೂ ನೆರವಾಗಲೆಂದು, ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಪ್ಯಾಕೆಟ್ಟಿನಲ್ಲಿ ಪ್ರತಿಯೊಂದು ವೈಪ್ ಅನ್ನೂ ಬೇರೆಬೇರೆಯಾಗಿ ಮಡಿಸಿ, ಒಂದರ ಮೇಲೊಂದು ಪೇರಿಸಿ ಇಡಲಾಗುತ್ತಿತ್ತು. ಯಂತ್ರಕ್ಕೆ ಇದು ಸುಲಭದ ಕೆಲಸ. ಬಳಸುವ ಕೈಗೆ ಇದು ಹೇಗಿರುತ್ತದೆ ಎಂದು ತಿಳಿಯಲು ನಾನು ಮಕ್ಕಳನ್ನು ನೋಡಿಕೊಳ್ಳುವ ಡೇಕೇರ್ ಒಂದರಲ್ಲಿ ಕುಳಿತು ಗಮನಿಸಿದೆ. ಅಲ್ಲಿನ ಆಯಾ ಎಡಗೈಯಲ್ಲಿ ಮಗುವಿನ ಎರಡೂ ಪಾದಗಳನ್ನು ಒಟ್ಟಿಗೆ ಹಿಡಿದು ಮೇಲೆತ್ತಿರುತ್ತಿದ್ದರು. ಬಲಗೈ ಹೆಬ್ಬೆರಳಿನಿಂದ ಮುಚ್ಚಳ ಸರಿಸಿ, ತೋರುಬೆರಳಿನ ತುದಿಯಿಂದ ಮಡಿಕೆಯ ಅಂಚನ್ನು ಹುಡುಕುತ್ತಿದ್ದರು. ಒದ್ದೆ ಬಟ್ಟೆಯಲ್ಲಿ ಅಂಚು ಕಣ್ಣಿಗೂ ಕಾಣದು, ಬೆರಳಿಗೂ ತಿಳಿಯದು. ಆದ್ದರಿಂದ ಕೊನೆಗೆ ರಾಶಿಯ ನಡುಭಾಗವನ್ನೇ ಚಿವುಟಿ ಎಳೆಯುತ್ತಿದ್ದರು. ಹಾಗೆ ಚಿವುಟಿದಾಗ ಎಷ್ಟು ಪದರ ಬೆರಳ ಸಂದಿಗೆ ಸಿಕ್ಕಿತೋ ಅಷ್ಟೂ ಹೊರಗೆ ಬರುತ್ತಿತ್ತು. ‘ಸರ್, ನನ್ನ ಒಂದು ಕೈ ಮಗು ಕಾಲ್ ಮೇಲೇ ಇರುತ್ತೆ. ಉಳಿದಿರೋ ಒಂದ್ ಕೈಲಿ ನಿಮ್ಮ ಪ್ಯಾಕೆಟ್ ಹಿಡ್ಕೊಳ್ಳಾ, ವೈಪ್ಸ್ ಎಳೀಲಾ?’ ಎಂದು ಅವರು ಕೇಳಿದ ಪ್ರಶ್ನೆಯನ್ನೇ ನಾನು ವಿನ್ಯಾಸದ ಷರತ್ತನ್ನಾಗಿ ಇಟ್ಟುಕೊಂಡೆ: ಪ್ಯಾಕೆಟ್ಟನ್ನು ಯಾರೂ ಹಿಡಿದುಕೊಳ್ಳದಿದ್ದರೂ, ಒಂದೇ ಕೈಯಲ್ಲಿ, ನೋಡದೆಯೇ ಎಳೆದರೂ ಒಂದೇ ವೈಪ್ ಬರಬೇಕು.

ಒಂದು ಎಳೆದಾಗ ಮುಂದಿನದರ ತುದಿ ತಾನಾಗಿ ಹೊರಗೆ ಇಣುಕುವ ಪಾಪ್-ಅಪ್ ಏರ್ಪಾಡು ಹೊಸದಲ್ಲ. ಒಣ ಟಿಶ್ಯೂ ಪೆಟ್ಟಿಗೆಗಳಲ್ಲಿ ಅದು 1920ರ ದಶಕದ ಕೊನೆಯ ಹೊತ್ತಿಗೇ ಅಮೆರಿಕದ ಮಾರುಕಟ್ಟೆಗೆ ಬಂದಿತ್ತು. ಒದ್ದೆ ವೈಪ್ಸ್‌ನ ಆರಂಭದ ಕಾಲದಲ್ಲಿ ಈ ತೊಡಕೇ ಇರಲಿಲ್ಲ. 1957ರಲ್ಲಿ ಆರ್ಥರ್ ಜೂಲಿಯಸ್ ರೂಪಿಸಿದ ವೆಟ್-ನ್ಯಾಪ್ ಒಂದೊಂದಾಗಿಯೇ ಸಣ್ಣ ಲಕೋಟೆಯಲ್ಲಿ ಮುಚ್ಚಿ ಬರುತ್ತಿತ್ತು. ಹೋಟೆಲಿನ ಊಟದ ಮೇಜಿಗೆ, ವಿಮಾನ ಪ್ರಯಾಣಕ್ಕೆ ಆ ವಿಧಾನ ಇಂದಿಗೂ ಸರಿಯಾದದ್ದೇ. ಆದರೆ ದಿನಕ್ಕೆ ಹಲವು ಸಲ ಮಗುವನ್ನು ಒರೆಸುವವರಿಗೆ ಒಂದೊಂದನ್ನೂ ಹರಿದು ತೆರೆಯುವಷ್ಟು ಕೈಯೂ ಇರುವುದಿಲ್ಲ, ಅಷ್ಟು ಪ್ಲಾಸ್ಟಿಕ್ ಹಾಳೆಯನ್ನು ವ್ಯರ್ಥ ಮಾಡುವುದಕ್ಕೆ ನನ್ನ ಮನಸ್ಸೂ ಒಪ್ಪುವುದಿಲ್ಲ.

ಒಣ ಟಿಶ್ಯೂವಿನ ವಿನ್ಯಾಸವನ್ನು ಹಾಗೆಯೇ ಒದ್ದೆ ಬಟ್ಟೆಗೆ ತಂದರೆ ಅದು ನಡೆಯದಿರುವುದಕ್ಕೆ ಕಾರಣ ನೀರು. ಎರಡು ಒದ್ದೆ ಹಾಳೆಗಳು ಒಂದಕ್ಕೊಂದು ತಾಗಿದಾಗ ಅವುಗಳ ಸಂದಿನಲ್ಲಿ ತೆಳುವಾದ ದ್ರವದ ಪದರ ಉಳಿಯುತ್ತದೆ, ಅದರ ಮೇಲ್ಮೈ ಎಳೆತ ಎರಡನ್ನೂ ಬಿಗಿಯಾಗಿ ಹಿಡಿಯುತ್ತದೆ. ಒಂದು ಅಂಚಿನಿಂದ ಸುಲಿದರೆ ಹಾಳೆಗಳು ಸಲೀಸಾಗಿ ಬಿಡುತ್ತವೆ. ಒಂದರ ಮೇಲೊಂದನ್ನು ಜಾರಿಸಿ ಎಳೆದರೆ ತಾಗಿಕೊಂಡ ಅಷ್ಟೂ ವಿಸ್ತೀರ್ಣ ಒಟ್ಟಿಗೇ ತಡೆಯೊಡ್ಡುತ್ತದೆ. ಪಾಪ್-ಅಪ್ ಮಡಿಕೆಯಲ್ಲಿ ನಡೆಯುವುದು ಬಹುಮಟ್ಟಿಗೆ ಈ ಎರಡನೆಯ ಬಗೆಯ ಎಳೆತ. ಒಣ ಟಿಶ್ಯೂಗಳಲ್ಲಿ ಒಂದರ ಅರ್ಧದಷ್ಟು ಭಾಗವನ್ನು ಇನ್ನೊಂದರ ಮಡಿಕೆಯೊಳಗೆ ಸೇರಿಸುವ ರೂಢಿಯಿದೆ. ನಮ್ಮ ವೈಪ್‌ನ ಅಳತೆ 15 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ, ಅದರ ಅರ್ಧವೆಂದರೆ 150 ಚದರ ಸೆಂ.ಮೀ. ಒದ್ದೆ ಬಟ್ಟೆ ಅಷ್ಟು ವಿಸ್ತಾರವಾಗಿ ತಾಗಿಕೊಂಡಿದ್ದರೆ ಮೊದಲನೆಯದನ್ನು ಎಳೆದಾಗ ಎರಡನೆಯದು ತುದಿ ಇಣುಕಿಸಿ ನಿಲ್ಲುವುದಿಲ್ಲ, ಪೂರ್ತಿಯಾಗಿ ಬಂದು ಮೂರನೆಯದನ್ನೂ ಕರೆತರುತ್ತದೆ. ಆದ್ದರಿಂದ ಮೂರು ಪದರದ ಮಡಿಕೆಗೆ ಬದಲಾಯಿಸಿ, ಒಂದರ ಬಾಲದ ಅಂಚು ಮುಂದಿನದರ ತಲೆಯ ಅಂಚಿಗೆ ಕೇವಲ 3 ಸೆಂ.ಮೀ. ಅಗಲದ ಪಟ್ಟಿಯಲ್ಲಿ ತಾಗುವಂತೆ ಮಾಡಿದೆವು. ಹಾಗೆ ತಾಗುವ ಜಾಗ 45 ಚದರ ಸೆಂ.ಮೀ.ಗೆ ಇಳಿಯಿತು.

ಈ ಪಟ್ಟಿಯನ್ನು ಇನ್ನೂ ಕಿರಿದಾಗಿಸಬಾರದೇಕೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಕಿರಿದಾಗಿಸಿದರೆ ಎರಡನೆಯದರ ತುದಿ ಪ್ಯಾಕೆಟ್ಟಿನ ಬಾಯಿಯನ್ನು, ಅಂದರೆ ವೈಪ್ ಹೊರಬರುವ ತೆರಪನ್ನು, ದಾಟುವ ಮೊದಲೇ ಕಳಚಿಕೊಂಡು ಒಳಗೆ ಬಿದ್ದುಬಿಡುತ್ತದೆ, ಮತ್ತೆ ಬೆರಳು ಹಾಕಿ ತಡಕುವ ಪಾಡು ತಪ್ಪುವುದಿಲ್ಲ. ಇಡೀ ವಿನ್ಯಾಸ ನಿಂತಿರುವುದು ಕೆಲವು ಬಲಗಳ ಏರಿಳಿತದ ಕ್ರಮದ ಮೇಲೆ ಎಂಬುದು ನನಗೆ ಇಲ್ಲಿಯೇ ಸ್ಪಷ್ಟವಾಯಿತು. ವೈಪ್‌ಗೂ ವೈಪ್‌ಗೂ ನಡುವಿನ ಹಿಡಿತವು, ಮುಂದಿನದರ ತುದಿಯನ್ನು ರಾಶಿಯಿಂದ ಎಬ್ಬಿಸಿ ಬಾಯಿಯವರೆಗೆ ತರಲು ಬೇಕಾದ ಬಲಕ್ಕಿಂತ ಹೆಚ್ಚಾಗಿರಬೇಕು. ಆ ತುದಿ ಬಾಯಿಯನ್ನು ದಾಟಿದೊಡನೆ ಬಾಯಿಯ ಅಂಚು ಅದನ್ನು ತಡೆಯುವ ಬಲವು ವೈಪ್‌ಗಳ ನಡುವಿನ ಹಿಡಿತವನ್ನು ಮೀರಬೇಕು. ಮತ್ತು ಇವೆಲ್ಲ ಸೇರಿ ಕೈಗೆ ತಗಲುವ ಒಟ್ಟು ಎಳೆತವು ಪ್ಯಾಕೆಟ್ಟಿನ ತೂಕಕ್ಕಿಂತ ಕಡಿಮೆ ಇರಬೇಕು, ಇಲ್ಲವಾದರೆ ವೈಪ್ ಬರುವ ಬದಲು ಪ್ಯಾಕೆಟ್ಟೇ ಮೇಲೇಳುತ್ತದೆ.

ಕೊನೆಯ ಷರತ್ತು ಎಷ್ಟು ಕಠಿಣವೆಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಚದರ ಮೀಟರಿಗೆ 50 ಗ್ರಾಂ ತೂಗುವ ಬಟ್ಟೆಯಲ್ಲಿ ನಮ್ಮ ಅಳತೆಯ ಒಂದು ವೈಪ್ ಒಣಗಿದ್ದಾಗ 1.5 ಗ್ರಾಂ ತೂಗುತ್ತದೆ. ಅದಕ್ಕೆ ಮೂರು ಪಟ್ಟು ಲೋಷನ್, ಅಂದರೆ ಬಟ್ಟೆಯನ್ನು ಒದ್ದೆ ಮಾಡುವ ದ್ರವ, ಸೇರಿಸಿದರೆ 6 ಗ್ರಾಂ ಆಗುತ್ತದೆ. 72 ವೈಪ್‌ಗಳು ತುಂಬಿರುವಾಗ ಪ್ಯಾಕೆಟ್ 432 ಗ್ರಾಂ ತೂಗುವುದರಿಂದ ಸ್ವಲ್ಪ ಬಿಗಿಯಾಗಿ ಎಳೆದರೂ ಅದು ಕದಲುವುದಿಲ್ಲ. ಹತ್ತೇ ಉಳಿದಾಗ ತೂಕ 60 ಗ್ರಾಂಗೆ ಇಳಿದಿರುತ್ತದೆ. ಅಂದರೆ ಹೊಸ ಪ್ಯಾಕೆಟ್ಟಿನಲ್ಲಿ ಚೆನ್ನಾಗಿ ಕೆಲಸ ಮಾಡಿದ ಬಾಯಿ, ಕೊನೆಯ ವೈಪ್‌ಗಳಿಗೆ ಬರುವಷ್ಟರಲ್ಲಿ ಪ್ಯಾಕೆಟ್ಟನ್ನೇ ಎತ್ತಿಕೊಂಡು ಬರುವ ಕೊಂಡಿಯಾಗಿಬಿಡಬಹುದು. ಹೊಸ ಪ್ಯಾಕೆಟ್ಟನ್ನು ಮೇಜಿನ ಮೇಲಿಟ್ಟು ನಾಲ್ಕು ವೈಪ್ ಎಳೆದು ತೋರಿಸಿ ಒಪ್ಪಿಗೆ ಪಡೆಯುವ ಪದ್ಧತಿಯನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ. ಪ್ರತಿ ಮಾದರಿಯನ್ನೂ ತುಂಬಿದ್ದಾಗ, ಅರ್ಧವಾದಾಗ, ತಳ ಕಾಣುವಾಗ ಮೂರೂ ಹಂತದಲ್ಲಿ ಅಳೆಯಬೇಕು. ಮೊದಲು ನಾವು ಅಳೆದದ್ದು ಸಾಮಾನ್ಯ ಸ್ಪ್ರಿಂಗ್ ತಕ್ಕಡಿಯಿಂದ. ಅದರ ಕೊಕ್ಕೆಗೆ ಬಟ್ಟೆಯ ಕ್ಲಿಪ್ ಸಿಕ್ಕಿಸಿ, ನಿಧಾನವಾಗಿ ಮೇಲೆಳೆದು, ಮುಳ್ಳು ತಲುಪಿದ ಅತಿ ಹೆಚ್ಚಿನ ಅಂಕಿಯನ್ನು ಬರೆದುಕೊಳ್ಳುತ್ತಿದ್ದೆವು. ಆಮೇಲೆ ಡಿಜಿಟಲ್ ಗೇಜ್ ಬಂದಿತಾದರೂ ಕ್ರಮ ಅದೇ ಉಳಿಯಿತು. ನೇರವಾಗಿ ಎಳೆಯುವುದರ ಜೊತೆಗೆ ತಮ್ಮ ಕಡೆಗೆ ಓರೆಯಾಗಿ, ಜಗ್ಗಿ ಎಳೆಯುವುದನ್ನೂ ಪರೀಕ್ಷೆಯಲ್ಲಿ ಸೇರಿಸುವುದು ಅಗತ್ಯ, ಏಕೆಂದರೆ ಆತುರದಲ್ಲಿರುವವರು ಎಳೆಯುವುದು ಹಾಗೆಯೇ, ಮತ್ತು ವೇಗವಾಗಿ ಎಳೆದಷ್ಟೂ ದ್ರವದ ಪದರ ಒಡ್ಡುವ ತಡೆ ಹೆಚ್ಚುತ್ತದೆ.

ಬಟ್ಟೆಯ ಆಯ್ಕೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಬೇರೆ ಯಾವುದಕ್ಕಿಂತಲೂ ಹೆಚ್ಚಿನ ವ್ಯತ್ಯಾಸ ಅಲ್ಲಿಂದ ಬಂದಿತು. ವೈಪ್ಸ್‌ಗೆ ಬಳಸುವ ಸ್ಪನ್‌ಲೇಸ್ ನೇಯ್ದ ಬಟ್ಟೆಯಲ್ಲ. ವಿಸ್ಕೋಸ್ ಮತ್ತು ಪಾಲಿಯೆಸ್ಟರ್ ಎಳೆಗಳ ಹಾಸಿನ ಮೇಲೆ ನೀರಿನ ಸೂಕ್ಷ್ಮ ಧಾರೆಗಳನ್ನು ಬಿರುಸಾಗಿ ಹಾಯಿಸಿ, ಎಳೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಅದನ್ನು ತಯಾರಿಸುತ್ತಾರೆ. ಯಂತ್ರದಲ್ಲಿ ಬಟ್ಟೆ ಸಾಗುವ ದಿಕ್ಕಿನಲ್ಲಿಯೇ ಹೆಚ್ಚಿನ ಎಳೆಗಳು ಮಲಗಿರುವುದರಿಂದ ಆ ದಿಕ್ಕಿನಲ್ಲಿ ಅದು ಗಟ್ಟಿ. ಅಡ್ಡ ದಿಕ್ಕಿನಲ್ಲಿ ಬಲ ಕಡಿಮೆ, ಹಿಗ್ಗುವಿಕೆ ಹೆಚ್ಚು. ಮಡಿಸುವ ಯಂತ್ರದಲ್ಲಿ ಬಟ್ಟೆಯ ಉದ್ದನೆಯ ಪಟ್ಟಿಗಳು ಸಮಾನಾಂತರವಾಗಿ ಓಡುತ್ತಾ, ಸಾಗುವ ದಿಕ್ಕಿನಲ್ಲಿಯೇ ಮಡಿಕೆ ಬಿದ್ದು, ಪಕ್ಕದ ಪಟ್ಟಿಯೊಂದಿಗೆ ಹೆಣೆದುಕೊಂಡು, ಕೊನೆಗೆ ಕತ್ತರಿಸಲ್ಪಡುತ್ತವೆ. ಹೀಗಾಗಿ ಬಳಸುವವರು ಮಡಿಕೆ ಬಿಚ್ಚಿಕೊಳ್ಳುವಂತೆ ಎಳೆಯುವುದು ಬಟ್ಟೆಯ ದುರ್ಬಲವಾದ ಅಡ್ಡ ದಿಕ್ಕಿನಲ್ಲಿ. ಎಳೆದಾಗ ವೈಪ್ ಉದ್ದಕ್ಕೆ ಹಿಗ್ಗಿ, ನಡುವೆ ಸಣ್ಣಗಾಗಿ, ಬಾಯಿಯ ಅಂಚಿಗೆ ಸರಿಯಾಗಿ ಒತ್ತಿಕೊಳ್ಳದೆ ಜಾರಿಹೋಗುತ್ತದೆ. ಬಾಯಿ ತಡೆಯಬೇಕಾದ ಗಳಿಗೆಯಲ್ಲಿ ತಡೆಯುವುದಿಲ್ಲ. ಎಳೆಗಳನ್ನು ಅಡ್ಡಡ್ಡಲಾಗಿಯೂ ಹಾಸಿ ಮಾಡಿದ, ಎರಡೂ ದಿಕ್ಕಿನ ಬಲದಲ್ಲಿ ಅಷ್ಟೊಂದು ಅಂತರವಿಲ್ಲದ ಬಟ್ಟೆಗೆ ಬದಲಾಯಿಸಿದ ಮೇಲೆ ಅದೇ ಮಡಿಕೆ, ಅದೇ ಬಾಯಿ ಇದ್ದರೂ ಸಾಲಾಗಿ ಬರುವುದು ಬಹಳಷ್ಟು ತಗ್ಗಿತು. ಬೆಲೆ ತುಸು ಏರಿತು. ಆ ಏರಿಕೆಯನ್ನು ಮಾಲೀಕರ ಮುಂದೆ ಸಮರ್ಥಿಸಲು ನನಗೆ ಯಾವ ಸಂಕೋಚವೂ ಆಗಲಿಲ್ಲ.

ಬಟ್ಟೆಯ ಮೇಲೆ ಉಬ್ಬುಚುಕ್ಕೆಗಳ ವಿನ್ಯಾಸ ಒತ್ತಿಸಿದ್ದು ಇದಕ್ಕೆ ಪೂರಕವಾಯಿತು. ನೋಡುವವರು ಅದನ್ನು ಅಲಂಕಾರವೆಂದುಕೊಳ್ಳುತ್ತಾರೆ. ಅದು ಮಾಡುವ ಕೆಲಸವೆಂದರೆ ಎರಡು ಹಾಳೆಗಳು ಪೂರ್ತಿ ಮೈ ತಾಗಿಸಿಕೊಳ್ಳದಂತೆ ನೋಡಿಕೊಳ್ಳುವುದು. ಲೋಷನ್ ಕಡಿಮೆ ಮಾಡಿದರೆ ಅಂಟುವಿಕೆಯೂ ಅಷ್ಟೇ ಕಡಿಮೆಯಾದೀತು ಎಂಬ ಎಣಿಕೆ ಮಾತ್ರ ನಿಲ್ಲುವುದಿಲ್ಲ. ಚೆನ್ನಾಗಿ ತೊಯ್ದ ಹಾಳೆಗಳು ಜಾರುತ್ತವೆ, ಅರೆಬರೆ ತೇವದವು ಒಂದನ್ನೊಂದು ಬಿಡುವುದಿಲ್ಲ. ಅದಲ್ಲದೆ ಲೋಷನ್ ಒಂದೇ ಕಡೆ ನಿಲ್ಲುವುದಿಲ್ಲ. ಗೋದಾಮಿನಲ್ಲಿ ಮಲಗಿಸಿಟ್ಟ ಪ್ಯಾಕೆಟ್ಟಿನಲ್ಲಿ ಅದು ತಳಕ್ಕೆ ಇಳಿಯುತ್ತದೆ, ಅಂಗಡಿಯವರು ನಿಲ್ಲಿಸಿ ಜೋಡಿಸಿದ್ದರೆ ಒಂದು ಬದಿಗೆ ಇಳಿಯುತ್ತದೆ. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಬಿಸಿಲಿಗೆ ಮೇಲಿನ ತುದಿ ಒಣಗುವುದು ಬೇರೆ. ವಿಸ್ಕೋಸ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಹಿಡಿಯುವುದಿಲ್ಲ. ಆದ್ದರಿಂದ ವಿಸ್ಕೋಸ್ ಪ್ರಮಾಣವನ್ನು ಹೆಚ್ಚಿಸಿದೆವು, ಮತ್ತು 40 ಡಿಗ್ರಿಯ ಪೆಟ್ಟಿಗೆಯಲ್ಲಿ ಮಲಗಿಸಿಯೂ ನಿಲ್ಲಿಸಿಯೂ ವಾರಗಟ್ಟಲೆ ಇಟ್ಟ ಪ್ಯಾಕೆಟ್ಟುಗಳನ್ನೇ ಎಳೆತದ ಪರೀಕ್ಷೆಗೆ ತೆಗೆದುಕೊಂಡೆವು.

ಬಾಯಿಯ ಆಕಾರ ಸುಲಭವಾಗಿ ಬದಲಾಯಿಸಬಹುದಾದದ್ದು, ಬಾಯಿಯನ್ನು ಕತ್ತರಿಸುವ ಅಚ್ಚು (ಡೈ) ಒಂದನ್ನು ಹೊಸದಾಗಿ ಮಾಡಿಸಿದರೆ ಸಾಕು. ಅಗಲವಾದ ಅಂಡಾಕಾರದ ಬಾಯಿ ಯಾವುದನ್ನೂ ತಡೆಯುವುದಿಲ್ಲ, ಬರೀ ಸೀಳು ಎಲ್ಲವನ್ನೂ ತಡೆಯುತ್ತದೆ. ನಾವು ನೆಲೆನಿಂತದ್ದು ಕಣ್ಣಿನಾಕಾರದ ಬಾಯಿಗೆ: ನಡುವೆ ಎರಡು ಬೆರಳು ಹೋಗುವಷ್ಟು ತೆರಪು, ಎರಡೂ ಕೊನೆಯಲ್ಲಿ ಬಟ್ಟೆಯನ್ನು ಹಿಡಿಯುವ ಕಿರಿದಾದ ಮೂಲೆ. ಇಣುಕಿದ ತುದಿ ಎರಡು ಸೆಂ.ಮೀ.ಗಿಂತ ಹೆಚ್ಚಾದರೆ ಮುಚ್ಚಳದ ಅಂಚಿಗೆ ಸಿಕ್ಕಿಕೊಂಡು, ಮುಚ್ಚಳ ಸರಿಯಾಗಿ ಕೂರದೆ ಇಡೀ ಪ್ಯಾಕೆಟ್ ಒಣಗುತ್ತದೆ. ಒಂದಕ್ಕಿಂತ ಕಡಿಮೆಯಾದರೆ ಚಿವುಟಲು ಸಿಗದು.

ಹೊರಗಿನಿಂದ ನೋಡುವವರಿಗೆ ಹೊಳೆಯದ ತೊಡಕೊಂದು ರಾಶಿಯ ನಡುವೆ ಇದೆ. ನಮ್ಮ ಯಂತ್ರ ಒಮ್ಮೆಗೆ ಹೆಣೆಯುವುದು 36 ಪಟ್ಟಿಗಳನ್ನು. 72ರ ಪ್ಯಾಕೆಟ್ಟಿಗೆ ಎರಡು ಕಟ್ಟುಗಳನ್ನು ಒಂದರ ಮೇಲೊಂದು ಇಡಬೇಕು, ಅವುಗಳ ನಡುವೆ ಹೆಣಿಗೆ ಇರುವುದಿಲ್ಲ. 36ನೆಯದು ಹೊರಬಂದಾಗ 37ನೆಯದರ ತುದಿ ಇಣುಕುವುದಿಲ್ಲ, ಸರಪಳಿ ಅಲ್ಲಿ ಕಡಿಯುತ್ತದೆ. ದೊಡ್ಡ ಯಂತ್ರ ಕೊಳ್ಳುವುದು ನಮ್ಮಂಥ ಘಟಕದ ಅಳವಿಗೆ ಮೀರಿದ ಮಾತು. ಆದ್ದರಿಂದ ಕೆಳಗಿನ ಕಟ್ಟಿನ ಮೊದಲ ವೈಪ್‌ನ ಅಂಚು ಸರಿಯಾಗಿ ಬಾಯಿಯ ಕೆಳಗೆ, ಮೇಲ್ಮುಖವಾಗಿ ಮಡಚಿ ನಿಲ್ಲುವಂತೆ ಪೇರಿಸುವ ಹಲಗೆಯನ್ನು ಸರಿಪಡಿಸಿದೆವು. ಅಲ್ಲಿ ಒಮ್ಮೆ ಬೆರಳು ಒಳಗೆ ಹೋಗಬೇಕಾಗುತ್ತದೆ ನಿಜ, ಆದರೆ ಅಂಚು ತಡಕದೆ ಸಿಗುತ್ತದೆ.

ಪ್ಲಾಸ್ಟಿಕ್ ಡಬ್ಬಿಯ ಬದಲು ಮೆದುವಾದ ಹಾಳೆಯ ಪ್ಯಾಕೆಟ್ಟನ್ನೇ ಉಳಿಸಿಕೊಂಡದ್ದಕ್ಕೂ ಕಾರಣ ಈ ಸರಪಳಿಯೇ. ಗಡಸು ಡಬ್ಬಿಯಲ್ಲಿ ರಾಶಿ ಇಳಿದಂತೆಲ್ಲ ಬಾಯಿಗೂ ಮೇಲಿನ ವೈಪ್‌ಗೂ ನಡುವಿನ ಅಂತರ ಬೆಳೆಯುತ್ತದೆ, ಮೂರು ಸೆಂ.ಮೀ. ಪಟ್ಟಿಯ ಹಿಡಿತ ಅಷ್ಟು ದೂರ ತಾಳುವುದಿಲ್ಲ. ಮೆದು ಪ್ಯಾಕೆಟ್ ರಾಶಿಯೊಂದಿಗೆ ತಾನೂ ಕುಗ್ಗುವುದರಿಂದ ಬಾಯಿ ಸದಾ ವೈಪ್‌ಗೆ ಹತ್ತಿರವೇ ಇರುತ್ತದೆ.

ಈಗ ಕೈಗೆತ್ತಿಕೊಂಡಿರುವುದು ಆಸ್ಪತ್ರೆಗಳಲ್ಲಿ ಮಂಚದ ಕಂಬಿ, ಮೇಜು ಒರೆಸುವ ಸುರುಳಿ ವೈಪ್ಸ್‌ನ ಡಬ್ಬಿಯನ್ನು. ಅಲ್ಲಿ ಮಡಿಕೆಯಿಲ್ಲ, ಸುರುಳಿಯ ನಡುವಿನಿಂದ ಎಳೆದು, ಸಾಲಾಗಿ ರಂಧ್ರ ಹೊಡೆದ ಗೆರೆಯಲ್ಲಿ ಹರಿದುಕೊಳ್ಳುವುದು. ಎಳೆತ ಬಟ್ಟೆಯ ಗಟ್ಟಿ ದಿಕ್ಕಿನಲ್ಲಿಯೇ ಬೀಳುತ್ತದೆ. ದ್ರವದಲ್ಲಿ ಆಲ್ಕೊಹಾಲ್ ಇರುವುದರಿಂದ ಪದರಗಳು ಅಂಟಿಕೊಳ್ಳುವುದೂ ಕಡಿಮೆ. ಶುದ್ಧ ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್ ಇದ್ದರೆ ಈಥೈಲ್ ಆಲ್ಕೊಹಾಲಿನದು ಸುಮಾರು 22. ಆದರೆ ರಂಧ್ರಗಳ ನಡುವೆ ಉಳಿದ ಬಟ್ಟೆಯ ಕೊಂಡಿಗಳು ಸುರುಳಿ ಬಿಚ್ಚಿಕೊಳ್ಳುವಾಗ ತಾಳಬೇಕು, ಬಾಯಿಯ ಹತ್ತಿರ ಓರೆಯಾಗಿ ಜಗ್ಗಿದಾಗ ಹರಿಯಬೇಕು. ಜೊತೆಗೆ ದಾದಿಯರ ಕೈಯಲ್ಲಿ ಗವಸು ಇರುತ್ತದೆ. ಒದ್ದೆ ಬಟ್ಟೆಯ ಮೇಲೆ ಗವಸಿನ ಬೆರಳು ಜಾರುವುದರಿಂದ ಮಗುವಿನ ವೈಪ್ಸ್‌ಗೆ ಸಾಕಾದ ಎರಡು ಸೆಂ.ಮೀ. ತುದಿ ಇಲ್ಲಿ ಸಾಲದು. ನಾಲ್ಕು ಸೆಂ.ಮೀ. ತುದಿ ಹೊರಗಿದ್ದರೂ ಒತ್ತಿ ಮುಚ್ಚಿಕೊಳ್ಳಬಲ್ಲ ಆಳವಾದ ಮುಚ್ಚಳವನ್ನು ಈಗ ಮಾಡಿಸುತ್ತಿದ್ದೇವೆ.