ಸಿಕ್ಕಿಕೊಂಡ ಸಾಲನ್ನು ತೋರಿಸಿ: ವಿಜ್ಞಾನದ ಪ್ರಶ್ನೆಯನ್ನು ಆನ್‌ಲೈನ್‌ನಲ್ಲಿ ಕೇಳುವ ಬಗೆ

ಪಠ್ಯಪುಸ್ತಕದ ಪುಟವೊಂದರ ಮಸುಕಾದ ಫೋಟೊ, ಅದರ ಕೆಳಗೆ ‘ಬೇಗ ಬಿಡಿಸಿಕೊಡಿ, ನಾಳೆ ಪರೀಕ್ಷೆ’ ಎಂಬ ಒಂದು ಸಾಲು. ವಿಜ್ಞಾನ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಆನ್‌ಲೈನ್‌ನಲ್ಲಿ ಕೇಳುವ ಪ್ರಶ್ನೆಗಳಿಗೆ ಬಿಡುವಿದ್ದಾಗ ಉತ್ತರಿಸುತ್ತ ಬಂದಿರುವ ನನ್ನ ಕಣ್ಣಿಗೆ ಹೆಚ್ಚಾಗಿ ಬೀಳುವುದು ಇಂಥ ಪ್ರಶ್ನೆಗಳೇ. ಇವುಗಳಲ್ಲಿ ಬಹುಪಾಲು ಉತ್ತರವಿಲ್ಲದೆ ಉಳಿಯುತ್ತವೆ, ಏಕೆಂದರೆ ಕೇಳಿದವರು ಎಲ್ಲಿ ಸಿಕ್ಕಿಕೊಂಡಿದ್ದಾರೆಂಬುದು ಓದುವವರಿಗೆ ಗೊತ್ತಾಗುವುದೇ ಇಲ್ಲ. ನೆರವು ನೀಡುವವರು ಸಂಬಳಕ್ಕಾಗಿ ಕುಳಿತವರಲ್ಲ. ಅರ್ಧ ಗಂಟೆ ಊಹಿಸುತ್ತ ಕೂರುವ ಬದಲು ಅವರು ಮುಂದಿನ ಪ್ರಶ್ನೆಗೆ ಹೋಗುತ್ತಾರೆ.

ಮೊದಲು, ಕೇಳುವ ಅಗತ್ಯವೇ ಇಲ್ಲದ ತಪ್ಪುಗಳನ್ನು ತೆಗೆದುಹಾಕಿ. ಕ್ಯಾಲ್ಕುಲೇಟರ್ ಕೋನವನ್ನು ಡಿಗ್ರಿಯ ಬದಲು ರೇಡಿಯನ್ ಎಂಬ ಮಾನದಲ್ಲಿ ಓದುವಂತಿದ್ದರೆ ಸೈನ್ 30ರ ಬೆಲೆ 0.5ರ ಬದಲು ಮೈನಸ್ 0.988 ಎಂದು ತೋರಿಸುತ್ತದೆ. ಮಾನಗಳನ್ನೂ ಒಮ್ಮೆ ನೋಡಿಕೊಳ್ಳಿ. ಒಂದು ತಂತ್ರಾಂಶ ಪೌಂಡ್-ಬಲದ ಲೆಕ್ಕದಲ್ಲಿ ಕೊಟ್ಟ ಅಂಕಿಗಳನ್ನು ಇನ್ನೊಂದು ನ್ಯೂಟನ್ ಎಂದು ಓದಿಕೊಂಡದ್ದರಿಂದ 1999ರಲ್ಲಿ ನಾಸಾ ತನ್ನ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆಯನ್ನೇ ಕಳೆದುಕೊಂಡಿತು.

ಎರಡನೆಯದು, ಸರಿಯಾದ ಜಾಗ. ಪ್ರಶ್ನೋತ್ತರ ತಾಣಗಳ ಜಾಲವಾದ ಸ್ಟ್ಯಾಕ್ ಎಕ್ಸ್‌ಚೇಂಜ್‌ನಲ್ಲಿ ಭೌತವಿಜ್ಞಾನ, ಗಣಿತ, ಎಲೆಕ್ಟ್ರಾನಿಕ್ಸ್‌ಗಳಿಗೆ ಬೇರೆ ಬೇರೆ ತಾಣಗಳಿವೆ; ಮನೆಗೆಲಸದ ಲೆಕ್ಕಗಳ ಬಗ್ಗೆ ಪ್ರತಿಯೊಂದಕ್ಕೂ ತನ್ನದೇ ನಿಯಮವಿದೆ. ಅದನ್ನು ಓದಲು ಐದು ನಿಮಿಷ ಸಾಕು. ಒಂದೇ ಪ್ರಶ್ನೆಯನ್ನು ಏಕಕಾಲಕ್ಕೆ ನಾಲ್ಕು ಕಡೆ ಹಾಕಬೇಡಿ.

ಮೂರನೆಯದು, ಪ್ರಶ್ನೆಯನ್ನು ಬರೆಯುವುದು. ಎಲ್ಲರೂ ಎಡವುವುದು ಇಲ್ಲಿಯೇ ಆದ್ದರಿಂದ ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. 30 ಡಿಗ್ರಿ ಇಳಿಜಾರಿನ ಮೇಲೆ 5 ಕಿಲೋಗ್ರಾಂನ ಪೆಟ್ಟಿಗೆಯೊಂದು ಅಲುಗಾಡದೆ ನಿಂತಿದೆ. ನಿಂತ ವಸ್ತುವಿನ ಘರ್ಷಣಾ ಗುಣಾಂಕ 0.7, ಘರ್ಷಣಾ ಬಲ ಎಷ್ಟು? ‘ನನಗೆ ಉತ್ತರ ಬರುತ್ತಿಲ್ಲ’ ಎಂದಷ್ಟೇ ಬರೆದರೆ ಓದುವವರು ನ್ಯೂಟನ್ನನ ನಿಯಮಗಳಿಂದ ಆರಂಭಿಸಬೇಕೋ ತ್ರಿಕೋನಮಿತಿಯಿಂದ ಆರಂಭಿಸಬೇಕೋ ತಿಳಿಯದೆ ಸುಮ್ಮನಾಗುತ್ತಾರೆ. ಅದರ ಬದಲು ಹೀಗೆ ಬರೆಯಿರಿ: ‘ಇಳಿಜಾರಿಗೆ ಲಂಬವಾದ ಬಲ 5 ಗುಣಿಸು 9.8 ಗುಣಿಸು ಕಾಸ್ 30, ಅಂದರೆ 42.4 ನ್ಯೂಟನ್. ಅದನ್ನು 0.7ರಿಂದ ಗುಣಿಸಿದಾಗ ನನಗೆ 29.7 ನ್ಯೂಟನ್ ಬಂತು. ಪುಸ್ತಕದ ಉತ್ತರ 24.5. ಗುಣಾಂಕವನ್ನು ಲಂಬ ಬಲದಿಂದ ಗುಣಿಸಿದರೆ ಘರ್ಷಣೆ ಸಿಗಬೇಕಲ್ಲವೇ?’

ಈ ನಾಲ್ಕು ವಾಕ್ಯಗಳನ್ನು ಓದಿದವರಿಗೆ ರೋಗ ಎಲ್ಲಿದೆಯೆಂದು ತಕ್ಷಣ ಗೊತ್ತಾಗುತ್ತದೆ. ವಿದ್ಯಾರ್ಥಿಯ ಗುಣಾಕಾರ ಸರಿಯಾಗಿದೆ, ತ್ರಿಕೋನಮಿತಿಯೂ ಸರಿಯಾಗಿದೆ. ಆದರೆ ಆತ ಕಂಡುಹಿಡಿದಿರುವುದು ಘರ್ಷಣೆ ಮುಟ್ಟಬಹುದಾದ ಗರಿಷ್ಠ ಮಿತಿಯನ್ನು. ನಿಂತ ಪೆಟ್ಟಿಗೆಯ ಮೇಲಿನ ಘರ್ಷಣೆಯು ಅದನ್ನು ಕೆಳಗೆ ಎಳೆಯುವ ಬಲಕ್ಕೆ ಸಮನಾಗಿರುತ್ತದೆ, ಅಂದರೆ 49 ನ್ಯೂಟನ್ ತೂಕವನ್ನು ಸೈನ್ 30ರಿಂದ ಗುಣಿಸಿದಷ್ಟು, ಅದರ ಅರ್ಧ, 24.5. ಉತ್ತರಿಸುವವರಿಗೆ ಬೇಕಾದದ್ದು ಎರಡು ಸಾಲು, ನಿಮಿಷದ ಕೆಲಸ. ಹಾಗಾಗಿ ಕೊಟ್ಟ ಅಂಕಿಗಳು, ನೀವು ಮಾಡಿದ ಲೆಕ್ಕ, ನಿಮಗೆ ಬಂದ ಉತ್ತರ, ಬರಬೇಕಾಗಿದ್ದ ಉತ್ತರ, ನಿಮ್ಮ ಅನುಮಾನ ಹುಟ್ಟಿದ ಸಾಲು, ಇವು ಪ್ರಶ್ನೆಯಲ್ಲಿ ಇರಲೇಬೇಕು. ತಪ್ಪು ಲೆಕ್ಕವನ್ನು ತೋರಿಸಲು ನಾಚಿಕೆಪಟ್ಟು ಅದನ್ನು ಅಳಿಸಿಹಾಕುವವರು, ಉತ್ತರಿಸುವವರ ಕೈಯಲ್ಲಿದ್ದ ಒಂದೇ ಸುಳಿವನ್ನೂ ಅಳಿಸಿಹಾಕಿರುತ್ತಾರೆ. ನಾನಂತೂ ಈ ಹಂತವನ್ನು ಮೊದಲು ಕಾಗದದ ಮೇಲೆ ಬರೆಯಿರಿ ಎಂದೇ ಹೇಳುತ್ತೇನೆ. ಹೀಗೆ ಬರೆಯುತ್ತಿರುವಾಗಲೇ ತಪ್ಪು ಕಣ್ಣಿಗೆ ಬಿದ್ದು, ಪ್ರಶ್ನೆ ಕೇಳುವ ಪ್ರಮೇಯವೇ ಇಲ್ಲವಾಗುವುದುಂಟು.

ಎಂಜಿನಿಯರಿಂಗ್ ಪ್ರಶ್ನೆಗಳಲ್ಲಿ ಬೇರೊಂದು ತೊಡಕಿದೆ. ಮೂಲ ಸಮಸ್ಯೆಯನ್ನು ಮುಚ್ಚಿಟ್ಟು, ತಾವು ಊಹಿಸಿಕೊಂಡ ಪರಿಹಾರದ ಬಗ್ಗೆ ಮಾತ್ರ ಕೇಳುವ ಅಭ್ಯಾಸ ಅದು. ‘ಬೇಗ ಸುಟ್ಟುಹೋಗದ ಎಲ್‌ಇಡಿ ಯಾವುದು?’ ಎಂದು ಒಬ್ಬ ವಿದ್ಯಾರ್ಥಿ ಕೇಳಿದ್ದ. ಹತ್ತು ಮರುಪ್ರಶ್ನೆಗಳ ನಂತರ ತಿಳಿದದ್ದೇನೆಂದರೆ, ಆತ ಎಲ್‌ಇಡಿಯನ್ನು ವಿದ್ಯುತ್ತಿನ ಹರಿವನ್ನು ಮಿತಿಗೊಳಿಸುವ ರೆಸಿಸ್ಟರ್ ಇಲ್ಲದೆ ನೇರವಾಗಿ 9 ವೋಲ್ಟ್ ಅಡಾಪ್ಟರಿಗೆ ಜೋಡಿಸುತ್ತಿದ್ದ. ಎಲ್‌ಇಡಿಯ ಮೇಲೆ 2 ವೋಲ್ಟ್ ಬೀಳುತ್ತದೆ ಎಂದಿಟ್ಟುಕೊಂಡರೆ ಉಳಿದ 7 ವೋಲ್ಟ್‌ಗೆ 390 ಓಮ್ ರೆಸಿಸ್ಟರ್ ಹಾಕಿದಾಗ ಸುಮಾರು 18 ಮಿಲಿಆಂಪಿಯರ್ ಹರಿಯುತ್ತದೆ, ಸಾಮಾನ್ಯ ಎಲ್‌ಇಡಿ ಅದನ್ನು ತಾಳಿಕೊಳ್ಳುತ್ತದೆ. ಮೊದಲೇ ಸರ್ಕ್ಯೂಟ್‌ನ ಚಿತ್ರ ಹಾಕಿ, ಏನು ಮಾಡಲು ಹೊರಟಿದ್ದೇನೆಂದು ಹೇಳಿದ್ದರೆ ಆತನ ಎರಡು ದಿನಗಳು ಉಳಿಯುತ್ತಿದ್ದವು.

ನಾಲ್ಕನೆಯದು ಬರವಣಿಗೆಯ ಶುದ್ಧಿ. ಒಂದರ ಕೆಳಗೆ ಎರಡು ಎಕ್ಸ್ ಎಂಬುದನ್ನು ಆವರಣ ಚಿಹ್ನೆಯಿಲ್ಲದೆ ಒಂದೇ ಸಾಲಿನಲ್ಲಿ 1/2x ಎಂದು ಟೈಪ್ ಮಾಡಿದರೆ, ಎಕ್ಸ್ ಛೇದದಲ್ಲಿದೆಯೋ ಅರ್ಧಕ್ಕೆ ಗುಣಿಸಿದೆಯೋ ಯಾರಿಗೂ ತಿಳಿಯದು. ಗಣಿತದ ಸೂತ್ರಗಳನ್ನು ಟೈಪ್ ಮಾಡಲು ಬಳಸುವ ಲೇಟೆಕ್‌ನಲ್ಲಿ ಭಿನ್ನರಾಶಿ, ವರ್ಗಮೂಲ, ಘಾತಗಳನ್ನು ಬರೆಯುವಷ್ಟನ್ನು ಒಂದು ಸಂಜೆಯಲ್ಲಿ ಕಲಿಯಬಹುದು, ಕಲಿಯಿರಿ. ಫೋಟೊವನ್ನು ಚಿತ್ರಗಳಿಗೆ ಮಾತ್ರ ಬಳಸಿ. ‘ಭೌತವಿಜ್ಞಾನದಲ್ಲಿ ಸಹಾಯ ಬೇಕು’ ಎಂಬ ಶೀರ್ಷಿಕೆ ಯಾವ ಕೆಲಸಕ್ಕೂ ಬಾರದು. ‘ಇಳಿಜಾರಿನ ಮೇಲೆ ನಿಂತ ಪೆಟ್ಟಿಗೆಯ ಘರ್ಷಣೆ ಮಿತಿಗಿಂತ ಕಡಿಮೆ ಏಕೆ?’ ಎಂಬುದು ಶೀರ್ಷಿಕೆ.

ಅಡ್ಡದಾರಿಗಳ ಬಗ್ಗೆಯೂ ಒಂದು ಮಾತು. ಉತ್ತರದ ಮೊದಲ ಸಾಲನ್ನು ತೋರಿಸಿ ಉಳಿದದ್ದನ್ನು ಮಸುಕು ಮಾಡಿ ಚಂದಾ ಕೇಳುವ ತಾಣಗಳಿಗೆ ಹಣ ತೆರಬೇಡಿ. ಅಲ್ಲಿ ನಾನು ಕಂಡ ಬಿಡಿಸಿದ ಲೆಕ್ಕಗಳಲ್ಲಿ ವಿವರಣೆಯೇ ಇರಲಿಲ್ಲ, ಕೆಲವು ತಪ್ಪಾಗಿಯೂ ಇದ್ದವು. ಎಐ ಚಾಟ್‌ಬಾಟ್‌ಗಳನ್ನು ಒಂದು ಪರಿಕಲ್ಪನೆಯನ್ನು ಬೇರೆ ಮಾತುಗಳಲ್ಲಿ ಕೇಳಿಸಿಕೊಳ್ಳಲು ಬಳಸಬಹುದು, ಆದರೆ ಅವು ತಪ್ಪನ್ನೂ ಸರಿಯನ್ನೂ ಒಂದೇ ಧೈರ್ಯದಿಂದ ಹೇಳುತ್ತವೆ. 2022ರ ಡಿಸೆಂಬರಿನಲ್ಲಿ ಪ್ರೋಗ್ರಾಮಿಂಗ್ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋ ಚಾಟ್‌ಜಿಪಿಟಿ ಬರೆದ ಉತ್ತರಗಳನ್ನು ನಿಷೇಧಿಸಿದ್ದು, ಮೇಲ್ನೋಟಕ್ಕೆ ಸರಿಯೆನಿಸುವ ತಪ್ಪು ಉತ್ತರಗಳು ಬಂದು ತುಂಬಿಕೊಂಡ ಕಾರಣದಿಂದಲೇ.

ಕೊನೆಯದು, ಬಂದ ಉತ್ತರವನ್ನು ಪರೀಕ್ಷಿಸುವುದು. ಉತ್ತರ ಯಾರಿಂದಲೇ ಬಂದಿರಲಿ, ಇದನ್ನು ಬಿಡಬೇಡಿ. ಸಮೀಕರಣದ ಎರಡೂ ಕಡೆಯ ಮಾನಗಳು ಹೊಂದುತ್ತವೆಯೇ ನೋಡಿ. ಬಳಿಕ ಒಂದು ಅಂಕಿಯನ್ನು ಕೊನೆಯ ಮಿತಿಗೆ ಒಯ್ಯಿರಿ: ಇಳಿಜಾರಿನ ಕೋನವನ್ನು ಸೊನ್ನೆ ಮಾಡಿದರೆ ಘರ್ಷಣೆಯೂ ಸೊನ್ನೆಯಾಗಬೇಕು. ತೂಕವನ್ನು ಸೈನ್‌ನಿಂದ ಗುಣಿಸಿದ ಉತ್ತರ ಸೊನ್ನೆಯಾಗುತ್ತದೆ. ಗುಣಾಂಕವನ್ನು ಲಂಬ ಬಲದಿಂದ ಗುಣಿಸಿದ ಹಳೆಯ ಉತ್ತರ, ಸಮತಟ್ಟಾದ ನೆಲದ ಮೇಲೆ ಸುಮ್ಮನೆ ಕುಳಿತ ಪೆಟ್ಟಿಗೆಗೂ 34.3 ನ್ಯೂಟನ್ ಘರ್ಷಣೆ ಇದೆ ಎನ್ನುತ್ತದೆ. ಆಮೇಲೆ ಕೋನವನ್ನು 40 ಡಿಗ್ರಿಗೆ ಏರಿಸಿ ನೀವೇ ಬಿಡಿಸಿ. ಕೆಳಗೆ ಎಳೆಯುವ ಬಲ 31.5 ನ್ಯೂಟನ್, ಘರ್ಷಣೆಯ ಮಿತಿ 26.3. ಪೆಟ್ಟಿಗೆ ಜಾರತೊಡಗುತ್ತದೆ, ಜಾರುವ ವಸ್ತುವಿಗೆ ಬೇರೆಯೇ ಗುಣಾಂಕ ಬೇಕು, ಅದನ್ನು ಲೆಕ್ಕದಲ್ಲಿ ಕೊಟ್ಟಿಲ್ಲ. ನೀವು ಕೇಳಬೇಕಾದ ಮುಂದಿನ ಪ್ರಶ್ನೆ ಅದು.