‘ಚಾರ್ಜ್’ಗೆ ಸರಿಯಾದ ಕನ್ನಡ ಪದ ಹುಡುಕುವುದು ಹೇಗೆ?

ಫೋನಿನಲ್ಲಿ ಚಾರ್ಜ್ ಇಲ್ಲ. ಬಸ್ ಚಾರ್ಜ್ ಜಾಸ್ತಿಯಾಯ್ತು. ಸಾಹೇಬ್ರು ರಜೆ, ಇನ್‌ಚಾರ್ಜ್ ಬೇರೆಯವರು. ಚಾರ್ಜ್‌ಶೀಟ್ ಹಾಕಿದರು. ಲಾಠಿ ಚಾರ್ಜ್ ಆಯ್ತು. ಬಾಯಿಮಾತಿನಲ್ಲಿ ಇದೊಂದೂ ಯಾರನ್ನೂ ಗೊಂದಲಕ್ಕೆ ನೂಕುವುದಿಲ್ಲ. ಅರ್ಜಿ, ವರದಿ, ಅನುವಾದ ಬರೆಯಲು ಕೂತಾಗಲೇ ಪೇಚಾಟ. ನಿಘಂಟು ತೆರೆದರೆ ಶುಲ್ಕ, ಆರೋಪ, ಹೊಣೆ, ದಾಳಿ, ಆವೇಶ ಎಲ್ಲ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಯಾವುದನ್ನು ಎತ್ತಿಕೊಳ್ಳಬೇಕೆಂದು ನಿಘಂಟು ಹೇಳುವುದಿಲ್ಲ.

ಅಷ್ಟೂ ಅರ್ಥಗಳ ಬೇರು ಒಂದೇ. ಲ್ಯಾಟಿನ್‌ನಲ್ಲಿ ಬಂಡಿಗೆ ‘ಕಾರಸ್’ ಎನ್ನುತ್ತಿದ್ದರು. ಅದರಿಂದ ‘ಬಂಡಿಗೆ ಹೇರು’ ಎಂಬ ಕ್ರಿಯಾಪದ ಹುಟ್ಟಿತು, ಫ್ರೆಂಚ್ ಮೂಲಕ ಇಂಗ್ಲಿಷಿಗೆ ‘ಚಾರ್ಜ್’ ಆಗಿ ಬಂತು. ‘ಕಾರ್’, ‘ಕಾರ್ಗೋ’ ಕೂಡ ಇದರ ದಾಯಾದಿಗಳೇ. ಹೇರು, ಹೊರಿಸು, ತುಂಬು: ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ. ಕನ್ನಡಕ್ಕೂ ಇದೇ ಕಲ್ಪನೆ ಇದೆ. ಆರೋಪವನ್ನು ನಾವು ‘ಹೊರಿಸುತ್ತೇವೆ’, ಹೊಣೆಯನ್ನು ‘ಹೊರುತ್ತೇವೆ’, ಕೋವಿಗೆ ಮದ್ದು ‘ತುಂಬುತ್ತೇವೆ’. ‘ಪ್ರಭಾರ’ ಎಂಬ ಪದದೊಳಗೆ ‘ಭಾರ’ವೇ ಕೂತಿದೆ.

ಉಳಿದರ್ಧ ಕೆಲಸಕ್ಕೆ, ‘ಚಾರ್ಜ್’ ಪದವನ್ನಲ್ಲ, ಅದರ ಬೆನ್ನಿಗೆ ಬರುವ ಪುಟ್ಟ ಪದವನ್ನು ನೋಡಿ.

‘ಫಾರ್’ ಬಂದರೆ ಹಣ. ‘ದೇ ಚಾರ್ಜ್ ಫಾರ್ ಪಾರ್ಕಿಂಗ್’ ಎಂದರೆ ವಾಹನ ನಿಲ್ಲಿಸಲು ದುಡ್ಡು ತೆಗೆದುಕೊಳ್ಳುತ್ತಾರೆ. ಕನ್ನಡದಲ್ಲಿ ‘ಶುಲ್ಕ’ ಹೆಚ್ಚಿನ ಕಡೆ ನಡೆಯುತ್ತದೆ. ವಿದ್ಯುತ್ ಬಿಲ್ಲಿನ ‘ಫಿಕ್ಸೆಡ್ ಚಾರ್ಜ್’ ನಿಗದಿತ ಶುಲ್ಕ. ಎಡವುವುದು ಇಂಗ್ಲಿಷ್ ಬರೆಯುವಾಗ. ನಾವು ‘ಬಸ್ ಚಾರ್ಜ್’ ಎನ್ನುವುದು ಇಂಗ್ಲಿಷಿನಲ್ಲಿ ‘ಫೇರ್’, ಅಂದರೆ ಪ್ರಯಾಣ ದರ. ಆಟೋದ ‘ಮಿನಿಮಮ್ ಚಾರ್ಜ್’ ಕೂಡ ‘ಮಿನಿಮಮ್ ಫೇರ್’. ವಕೀಲರಿಗೆ, ಶಾಲೆಗೆ ಕೊಡುವುದು ‘ಫೀ’, ಹೆದ್ದಾರಿಯಲ್ಲಿ ‘ಟೋಲ್’, ಮನೆಗೆ ‘ರೆಂಟ್’, ತಪ್ಪಿಗೆ ತೆರುವುದು ‘ಫೈನ್’, ದಂಡ. ಇವುಗಳಲ್ಲಿ ಯಾವುದೂ ಹೊಂದದಿದ್ದರೆ ಮಾತ್ರ ‘ಚಾರ್ಜ್’. ಆದರೆ ಕ್ರಿಯಾಪದವಾಗಿ ಅದು ಎಲ್ಲೆಡೆ ಸಲ್ಲುತ್ತದೆ: ಆಟೋದವನು ದುಪ್ಪಟ್ಟು ‘ಚಾರ್ಜ್’ ಮಾಡಿದ ಎನ್ನಲು ಅಡ್ಡಿಯಿಲ್ಲ. ‘ಸರ್ಚಾರ್ಜ್’ ಬೇರೆ ಜಾತಿ. ಆದಾಯ ತೆರಿಗೆಯಲ್ಲಿ ಅದನ್ನು ಲೆಕ್ಕ ಹಾಕುವುದು ಆದಾಯದ ಮೇಲಲ್ಲ, ತೆರಿಗೆಯ ಮೇಲೆ. ತೆರಿಗೆ 12 ಲಕ್ಷ, ಸರ್ಚಾರ್ಜ್ ಶೇ. 10 ಎಂದಿದ್ದರೆ 1.2 ಲಕ್ಷ ರೂಪಾಯಿ. ಹಾಗಾಗಿ ‘ಹೆಚ್ಚುವರಿ ಶುಲ್ಕ’ ಎನ್ನುವುದಕ್ಕಿಂತ ‘ಮೇಲ್ತೆರಿಗೆ’ ವಾಸಿ.

‘ವಿತ್’ ಬಂದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅದರ ನಂತರದ ನಾಮಪದ ನೋಡಿ. ಅಲ್ಲಿ ಅಪರಾಧವಿದ್ದರೆ ‘ಆರೋಪ ಹೊರಿಸು’, ಕೆಲಸವಿದ್ದರೆ ‘ಹೊಣೆ ವಹಿಸು’, ಭಾವನೆಯಿದ್ದರೆ ‘ತುಂಬಿದ’. ಕಳ್ಳತನದ ಆರೋಪ ‘ಚಾರ್ಜ್ಡ್ ವಿತ್ ಥೆಫ್ಟ್’. ‘ಚಾರ್ಜ್ಡ್ ಫಾರ್ ಥೆಫ್ಟ್’ ಎಂದು ಬರೆದರೆ ಕದ್ದದ್ದಕ್ಕೆ ಬಿಲ್ ಕೊಟ್ಟಂತೆ ಕೇಳುತ್ತದೆ. ಸಮಾನಾರ್ಥಕವೆಂದು ಕೊಡುವ ‘ಅಕ್ಯೂಸ್’ಗೆ ‘ಆಫ್’ ಬೇಕು, ಮತ್ತು ಅದರ ತೂಕವೂ ಕಡಿಮೆ. ಪಕ್ಕದ ಮನೆಯವರೂ ‘ಅಕ್ಯೂಸ್’ ಮಾಡಬಹುದು. ಕಾನೂನಿನ ಅರ್ಥದಲ್ಲಿ ‘ಚಾರ್ಜ್’ ಮಾಡಲು ಅಧಿಕಾರ ಬೇಕು.

ಸುದ್ದಿ ಬರೆಯುವವರು ಹೆಚ್ಚು ಜಾರುವುದು ಇಲ್ಲೇ. ಎಫ್‌ಐಆರ್ ಆದಾಗ ಇನ್ನೂ ಚಾರ್ಜ್ ಇಲ್ಲ. ತನಿಖೆ ಮುಗಿಸಿ ಪೊಲೀಸರು ಸಲ್ಲಿಸುವುದು ಚಾರ್ಜ್‌ಶೀಟ್, ಆರೋಪಪಟ್ಟಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಂ ಅದರ ನೆಲೆ. ಅದನ್ನು ಓದಿ, ವಾದ ಕೇಳಿ, ‘ಚಾರ್ಜ್ ಫ್ರೇಮ್’ ಮಾಡುವುದು ನ್ಯಾಯಾಲಯ. ಅದು ದೋಷಾರೋಪ ನಿಗದಿ. ಪೊಲೀಸರು ದೋಷಾರೋಪ ನಿಗದಿ ಮಾಡಿದರು ಎಂದು ಬರೆದರೆ ಠಾಣೆಯನ್ನೇ ಕೋರ್ಟು ಮಾಡಿದಂತೆ. ಇಷ್ಟೆಲ್ಲ ಆದರೂ ಆತ ‘ಆರೋಪಿ’ಯೇ, ‘ಅಪರಾಧಿ’ ಎನ್ನಬೇಕಾದರೆ ದೋಷಿಯೆಂಬ ತೀರ್ಪು ಬರಬೇಕು.

‘ಇನ್ ಚಾರ್ಜ್ ಆಫ್’ ಕಂಡರೆ ಹೊಣೆ. ನಡುವೆ ಒಂದು ‘ದ’ ಸೇರಿದರೆ ಅರ್ಥ ತಲೆಕೆಳಗು: ನರ್ಸ್ ‘ಇನ್ ಚಾರ್ಜ್ ಆಫ್’ ಮಗು ಎಂದರೆ ಮಗುವಿನ ಜವಾಬ್ದಾರಿ ನರ್ಸ್‌ದು, ಮಗು ‘ಇನ್ ದ ಚಾರ್ಜ್ ಆಫ್’ ನರ್ಸ್ ಎಂದರೂ ಜವಾಬ್ದಾರಿ ನರ್ಸ್‌ದೇ, ಆದರೆ ವಾಕ್ಯದ ಕರ್ತೃ ಈಗ ಮಗು. ಆ ‘ದ’ ಬಿಟ್ಟುಹೋದರೆ ಮಗುವೇ ನರ್ಸನ್ನು ನೋಡಿಕೊಂಡಂತಾಗುತ್ತದೆ.

ಕನ್ನಡದಲ್ಲಿ ಇದಕ್ಕೆ ಎರಡು ಪದ, ಎರಡು ಅರ್ಥ. ಖಾಲಿ ಹುದ್ದೆಯನ್ನು ತಾತ್ಕಾಲಿಕವಾಗಿ ನೋಡಿಕೊಳ್ಳುವವರು ‘ಪ್ರಭಾರ’: ಪ್ರಭಾರ ಮುಖ್ಯ ಶಿಕ್ಷಕರು, ಪ್ರಭಾರ ಕುಲಪತಿ. ಮೇಲಿಂದ ನಿಗಾ ಇಡುವವರು ‘ಉಸ್ತುವಾರಿ’: ಜಿಲ್ಲಾ ಉಸ್ತುವಾರಿ ಸಚಿವರು. ಇಂಗ್ಲಿಷಿನಲ್ಲಿ ಎರಡೂ ‘ಇನ್‌ಚಾರ್ಜ್’ ಎಂದು ಅದಲುಬದಲು ಮಾಡಿ ‘ಪ್ರಭಾರ ಸಚಿವ’ ಎಂದು ಬರೆದರೆ, ಇವರ ಕುರ್ಚಿ ನಾಲ್ಕು ದಿನದ್ದು ಎಂದು ಓದುಗ ತಿಳಿದಾನು. ಹೊಸ ಅಧಿಕಾರಿ ‘ಚಾರ್ಜ್ ತಗೊಂಡರು’ ಎನ್ನುವುದು ಬರಹದಲ್ಲಿ ‘ಅಧಿಕಾರ ವಹಿಸಿಕೊಂಡರು’.

‘ಅಟ್’ ಬಂದರೆ ನುಗ್ಗುವುದು. ಕಾಡಾನೆ ಜೀಪಿನತ್ತ ‘ಚಾರ್ಜ್’ ಮಾಡಿತು ಎಂದರೆ ನುಗ್ಗಿ ಬಂತು; ಬೆದರಿಸಿ ಅರ್ಧಕ್ಕೇ ನಿಂತರೆ ‘ಮಾಕ್ ಚಾರ್ಜ್’, ಹುಸಿ ದಾಳಿ. ಲಾಠಿ ಚಾರ್ಜ್ ಮಾತ್ರ ‘ಲಾಠಿ ಪ್ರಹಾರ’ ಎಂದೇ ನೆಲೆಯೂರಿದೆ.

ಪುಟ್ಟ ಪದವೇ ಇಲ್ಲದೆ ಬ್ಯಾಟರಿ, ಕಣ, ಕೂಲಂಬ್ (ವಿದ್ಯುತ್ ಚಾರ್ಜ್ ಅಳೆಯುವ ಮಾನ) ಕಂಡರೆ ವಿಜ್ಞಾನ. ಪಠ್ಯಪುಸ್ತಕದ ಪದ ‘ವಿದ್ಯುದಾವೇಶ’: ಎಲೆಕ್ಟ್ರಾನ್‌ಗೆ ಋಣ ಆವೇಶ, ಪ್ರೋಟಾನ್‌ಗೆ ಧನ ಆವೇಶ. ಭೌತವಿಜ್ಞಾನದಲ್ಲಿ ಇದು ಸೊಗಸಾಗಿ ಕೂರುತ್ತದೆ. ಆದರೆ ಆವೇಶವೆಂದರೆ ಮೈಮೇಲೆ ದೇವರು ಬರುವುದೂ ಹೌದು. ‘ನನ್ನ ಫೋನಿನ ಆವೇಶ ಇಳಿದಿದೆ’ ಎಂದು ಯಾರೂ ಬರೆಯಬಾರದು. ಅಲ್ಲಿ ಚಾರ್ಜ್ ಅಂತಲೇ ಬಿಡಿ. ಅಂದಹಾಗೆ ಬ್ಯಾಟರಿಯ ಮೇಲಿನ 5,000 ಮಿಲಿಆಂಪಿಯರ್-ಗಂಟೆ ಎಂಬುದು ಶಕ್ತಿಯ ಅಳತೆಯಲ್ಲ, ಆವೇಶದ್ದೇ: 5 ಆಂಪಿಯರ್ × 3,600 ಸೆಕೆಂಡ್, ಅಂದರೆ 18,000 ಕೂಲಂಬ್.

‘ಆನ್’ ಬಂದರೆ ಸಾಮಾನ್ಯವಾಗಿ ಆಸ್ತಿ ಅಥವಾ ನಿಧಿಯ ಮೇಲಿನ ಹೊರೆ. ಬಜೆಟ್ ದಾಖಲೆಗಳಲ್ಲಿ ಸಂಚಿತ ನಿಧಿಯ, ಅಂದರೆ ಸರ್ಕಾರದ ಮುಖ್ಯ ಖಜಾನೆಯ ಮೇಲೆ ‘ಚಾರ್ಜ್ಡ್’ ಆದ ವೆಚ್ಚಕ್ಕೆ ‘ಪ್ರಭೃತ’ ಎನ್ನುತ್ತಾರೆ, ಮತಕ್ಕೆ ಹಾಕುವುದಕ್ಕೆ ‘ಪುರಸ್ಕೃತ’. ರಾಜ್ಯಪಾಲರ ವೇತನ, ಹೈಕೋರ್ಟ್ ನ್ಯಾಯಮೂರ್ತಿಗಳ ಸಂಬಳ, ಸರ್ಕಾರದ ಸಾಲದ ಬಡ್ಡಿ ಸಂವಿಧಾನದ 202ನೇ ವಿಧಿಯಂತೆ ಪ್ರಭೃತ. ಇವನ್ನು ಸದನ ಚರ್ಚಿಸಬಹುದು, ಮತಕ್ಕೆ ಹಾಕುವಂತಿಲ್ಲ. ಇಲ್ಲಿ ‘ಶುಲ್ಕ ವಿಧಿಸಿದ ವೆಚ್ಚ’ ಎಂದು ಬರೆದವರು ನಿಘಂಟಿನ ಮೊದಲ ಅರ್ಥಕ್ಕೇ ಕೈ ಹಾಕಿದ್ದಾರೆ ಎಂದರ್ಥ.

ಹೇರಿದ್ದನ್ನು ಇಳಿಸುವುದು ‘ಡಿಸ್ಚಾರ್ಜ್’. ಆಸ್ಪತ್ರೆಯಿಂದಾದರೆ ‘ಬಿಡುಗಡೆ’. ಕೋರ್ಟಿನಲ್ಲಿ ವಿಚಾರಣೆಗೆ ಮೊದಲೇ, ಸಾಕಷ್ಟು ಆಧಾರವಿಲ್ಲವೆಂದು ಕೈಬಿಟ್ಟರೆ ‘ಆರೋಪದಿಂದ ಬಿಡುಗಡೆ’. ಸಾಕ್ಷಿ, ವಾದ ಎಲ್ಲ ಮುಗಿದ ಮೇಲೆ ಬರುವ ‘ಅಕ್ವಿಟಲ್’ ಬೇರೆ, ಅದು ‘ಖುಲಾಸೆ’.