ಸೆಲ್ಫ್ ಬಿಚ್ಚುವ ಮೊದಲು ಮೀಟರ್ ಹಿಡಿಯಿರಿ: ಹಳೆ ಡೀಸೆಲ್ ಪಿಕಪ್ ರಿಪೇರಿಯ ನನ್ನ ಅನುಭವ

ಗಾಡಿಗೆ ಎರಡು ತೊಂದರೆಯಿತ್ತು. ಬೆಳಿಗ್ಗೆ ಇಂಜಿನ್ ಎಳೆದೆಳೆದು ತಿರುಗುತ್ತಿತ್ತು. ಬಿಸಿಯಾದ ಮೇಲೆ ಒಮ್ಮೊಮ್ಮೆ ಒಂದೇ ಒಂದು ‘ಟಕ್’ ಅಂದು ಸುಮ್ಮನಾಗುತ್ತಿತ್ತು. ಇಂಥದಕ್ಕೆ ಸೆಲ್ಫ್ (ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರ್) ಇಳಿಸಿ ಕಾರ್ಬನ್ (ಮೋಟಾರಿನೊಳಗೆ ಕರೆಂಟ್ ದಾಟಿಸುವ ಬ್ರಷ್) ಬದಲಿಸುವುದು ರೂಢಿ. ನಾನು ಹಾಗೆ ಮಾಡುವುದಿಲ್ಲ. ಡೀಸೆಲ್ ಇಂಜಿನ್ ತಿರುಗಿಸಲು ಸೆಲ್ಫ್ ನೂರಾರು ಆಂಪಿಯರ್ ಎಳೆಯುತ್ತದೆ. ಅಷ್ಟು ಕರೆಂಟಿಗೆ ತುಕ್ಕು ಹಿಡಿದ ಒಂದು ಲಗ್ (ಕೇಬಲ್ ತುದಿಯ ಲೋಹದ ಕೊಂಡಿ) ಅಡ್ಡ ಬಂದರೂ ಹೊಸ ಸೆಲ್ಫ್ ಕೂಡ ಸೋಲುತ್ತದೆ.

ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಡೀಸೆಲ್ ಪಂಪಿನ ಸ್ಟಾಪ್ ಸೊಲೆನಾಯ್ಡ್ (ಇಂಜಿನಿಗೆ ಡೀಸೆಲ್ ಬಿಡುವ, ತಡೆಯುವ ಕರೆಂಟ್ ಕವಾಟ) ವೈರ್ ಕಳಚಿದೆ. ಇಂಜಿನ್ ಸ್ಟಾರ್ಟ್ ಆಗದೆ ಬರೀ ತಿರುಗಿದರೆ ಅಳೆಯಲು ಸಮಯ ಸಿಗುತ್ತದೆ. ಬ್ಯಾಟರಿ 12.5 ವೋಲ್ಟ್ ಇತ್ತು. ಸೆಲ್ಫ್ ಹೊಡೆಯುವಾಗ 10.4ಕ್ಕೆ ಇಳಿಯಿತು. ಅದು ಸರಿಯೇ, 9.6ಕ್ಕಿಂತ ಕೆಳಗಿಳಿದರೆ ಮಾತ್ರ ಬ್ಯಾಟರಿ ಮೇಲೆ ಅನುಮಾನ.

ಮುಂದಿನ ಅಳತೆಯೇ ಮುಖ್ಯ: ಬ್ಯಾಟರಿಯಿಂದ ಸೆಲ್ಫ್‌ವರೆಗಿನ ದಾರಿಯಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತದೆ ಎಂದು ನೋಡುವುದು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಪೋಸ್ಟಿನ ಮೇಲೆ (ಕ್ಲ್ಯಾಂಪ್ ಮೇಲಲ್ಲ, ಪೋಸ್ಟಿನ ಮೇಲೆಯೇ), ಇನ್ನೊಂದು ಸೆಲ್ಫ್ ಮೇಲಿನ ಸೊಲೆನಾಯ್ಡಿನ (ಕೀ ತಿರುಗಿಸಿದಾಗ ಮೋಟಾರಿಗೆ ಕರೆಂಟ್ ದಾಟಿಸುವ ಸ್ವಿಚ್) ಬ್ಯಾಟರಿ ಕೇಬಲ್ ಬೋಲ್ಟಿನ ಮೇಲೆ ಇಟ್ಟು ಸೆಲ್ಫ್ ಹೊಡೆಸಿದೆ: 0.3 ವೋಲ್ಟ್. ಅರ್ಧ ವೋಲ್ಟಿನೊಳಗಿದ್ದರೆ ಪರವಾಗಿಲ್ಲ. ಆಮೇಲೆ ಮೈನಸ್ ಪೋಸ್ಟಿನಿಂದ ಸೆಲ್ಫ್ ಬಾಡಿಗೆ: 1.5 ವೋಲ್ಟ್! 0.2, ಹೆಚ್ಚೆಂದರೆ 0.3 ಇರಬೇಕಾದ ಜಾಗ ಇದು. ಇಂಜಿನ್‌ನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿಯ ಲಗ್ ಬಿಚ್ಚಿದರೆ ಒಳಗೆ ಹಸಿರು ಪುಡಿ, ಅರ್ಧಕ್ಕರ್ಧ ಎಳೆ ತುಂಡಾಗಿತ್ತು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವಂತಿರಲಿಲ್ಲ. ಹೊಸ ಪಟ್ಟಿ ಹಾಕಿ, ಕೂರುವ ಜಾಗದ ಪೇಂಟ್ ಉಜ್ಜಿ ತೆಗೆದು ಬಿಗಿ ಮಾಡಿದ ಮೇಲೆ 0.15ಕ್ಕೆ ಬಂತು. ಎಳೆದೆಳೆದು ತಿರುಗುವುದು ಅಲ್ಲಿಗೇ ನಿಂತಿತು.

‘ಟಕ್’ ಮಾತ್ರ ಉಳಿಯಿತು. ‘ಟಕಟಕಟಕ’ ಎಂದು ಬಡಿದುಕೊಂಡರೆ ಬ್ಯಾಟರಿ ವೀಕ್ ಅಥವಾ ಟರ್ಮಿನಲ್ ಲೂಸ್. ಒಂದೇ ಟಕ್ ಅಂದರೆ ಸೊಲೆನಾಯ್ಡ್ ಎಳೆದಿದೆ, ಕರೆಂಟ್ ದಾಟಿಲ್ಲ. ಕೈಕೊಟ್ಟ ಹೊತ್ತಿನಲ್ಲೇ ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟುಗಳ ನಡುವೆ ಅಳೆದೆ: ಹೆಚ್ಚುಕಡಿಮೆ 12 ವೋಲ್ಟ್. ಅಂದರೆ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಮುಟ್ಟುತ್ತಿಲ್ಲ. ಅಲ್ಲಿ ಸೊನ್ನೆ ಬಂದು, ಮೋಟಾರ್ ಬೋಲ್ಟಿನಲ್ಲಿ ವೋಲ್ಟ್ ಇದ್ದೂ ತಿರುಗದಿದ್ದರೆ ಕಾರ್ಬನ್, ಆರ್ಮೇಚರ್ (ಮೋಟಾರಿನೊಳಗೆ ತಿರುಗುವ ಭಾಗ) ನೋಡಬೇಕು.

ಮೊದಲು ಬ್ಯಾಟರಿಯ ಮೈನಸ್ ಕಳಚಿ, ಆಮೇಲಷ್ಟೇ ಸೆಲ್ಫ್ ಇಳಿಸಿದೆ. ಸೊಲೆನಾಯ್ಡಿನ ಮುಚ್ಚಳಕ್ಕೆ ಕಾಯಿಲ್ ವೈರುಗಳ ಬೆಸುಗೆ ಇರುತ್ತದೆ. ಅದನ್ನು ಕಾಯಿಸಿ ಬಿಡಿಸದೆ ಎಳೆದರೆ ವೈರ್ ಕಿತ್ತು ಸೊಲೆನಾಯ್ಡೇ ಹಾಳು. ಒಳಗೆ ಬ್ಯಾಟರಿ ಕಡೆಯ ಬೋಲ್ಟಿನ ತಲೆ ಒಂದು ಪಕ್ಕಕ್ಕೆ ಉಗುರಿನಾಕಾರದಲ್ಲಿ ಸುಟ್ಟು ತಗ್ಗಾಗಿತ್ತು, ಉಳಿದ ಭಾಗ ಹೊಸದರಂತಿತ್ತು. ಎರಡು ಬೋಲ್ಟುಗಳನ್ನು ಮುಟ್ಟಿ ಕರೆಂಟ್ ದಾಟಿಸುವ ತಾಮ್ರದ ಬಿಲ್ಲೆ ಮಗುಚಿ ಹಾಕಿದೆ, ಬೋಲ್ಟನ್ನು ಅರ್ಧ ಸುತ್ತು ತಿರುಗಿಸಿ ಸವೆಯದ ಭಾಗ ಬಿಲ್ಲೆಗೆ ಸಿಗುವಂತೆ ಕೂರಿಸಿದೆ. ಎರಡು ತಲೆಯೂ ಒಂದೇ ಮಟ್ಟದಲ್ಲಿರಬೇಕು, ಇಲ್ಲದಿದ್ದರೆ ಬಿಲ್ಲೆ ಓರೆಯಾಗಿ ಮುಟ್ಟಿ ಮತ್ತೆ ಸುಡುತ್ತದೆ.

ಬಿಚ್ಚಿದ್ದಾಗಲೇ ಕಾರ್ಬನ್ ನೋಡಿದೆ. ಹೊಸದರ ಅರ್ಧಕ್ಕಿಂತ ಸವೆದಿದ್ದರೆ ನಾಲ್ಕನ್ನೂ ಒಟ್ಟಿಗೆ ಬದಲಿಸುವುದು ಒಳ್ಳೆಯದು. ಕಮ್ಯುಟೇಟರ್ (ಕಾರ್ಬನ್ ಮುಟ್ಟುವ, ತಾಮ್ರದ ಪಟ್ಟಿಗಳ ಉರುಳೆ) ಉಜ್ಜಲು ನಯವಾದ ಮರಳು ಕಾಗದವೇ ಬೇಕು; ಎಮರಿ ಕಾಗದದ ಪುಡಿ ಪಟ್ಟಿಗಳ ಸಂದಿನಲ್ಲಿ ಕೂತು ಶಾರ್ಟ್ ಮಾಡಬಹುದು. ಪಿನಿಯನ್ (ಇಂಜಿನ್ ಚಕ್ರಕ್ಕೆ ಕಚ್ಚಿ ತಿರುಗಿಸುವ ಚಿಕ್ಕ ಹಲ್ಲುಚಕ್ರ) ಓಡಾಡುವ ಸ್ಪ್ಲೈನಿಗೆ (ಶಾಫ್ಟಿನ ಗೀರು ಕೊರೆದ ಭಾಗಕ್ಕೆ) ದಪ್ಪ ಗ್ರೀಸ್ ಬಳಿಯುವವರಿದ್ದಾರೆ, ದಯವಿಟ್ಟು ಬೇಡ. ಕ್ಲಚ್ಚಿನ ಧೂಳು ಅದಕ್ಕೆ ಮೆತ್ತಿ ಪಿನಿಯನ್ ಸಿಕ್ಕಿಕೊಳ್ಳುತ್ತದೆ. ತೆಳುವಾಗಿ ಎಣ್ಣೆ ಸವರಿದರೆ ಸಾಕು.

ಜೋಡಿಸಿದ ಮೇಲೆ ಸೆಲ್ಫನ್ನು ವೈಸಿಗೆ ಕಚ್ಚಿ, ಜಂಪರ್ ಕೇಬಲ್ಲಿನಿಂದ ಎರಡು ಸೆಕೆಂಡ್ ಓಡಿಸಿದೆ. ಪಿನಿಯನ್ ಪೂರ್ತಿ ಹೊರಬಂದು ಥಟ್ಟನೆ ಹಿಂದೆ ಸರಿಯಿತು. ಗಾಡಿಗೆ ಹಾಕಿ, ಬಿಸಿಯಾಗುವ ತನಕ ಓಡಿಸಿ, ಆಫ್ ಮಾಡಿ ಮತ್ತೆ ಇಪ್ಪತ್ತು ಸಲ ಸೆಲ್ಫ್ ಹೊಡೆದು ನೋಡಿದೆ, ಪ್ರತಿ ಸಲದ ನಡುವೆ ಒಂದು ನಿಮಿಷ ಬಿಟ್ಟು. ದಪ್ಪ ಬೋಲ್ಟುಗಳ ನಡುವೆ ಈಗ 0.1 ವೋಲ್ಟ್.